ಮೀಟರ್ ಬೋರ್ಡ್ ಹಿಂದೆ ಗುಬ್ಬಿ ಸಂಸಾರ, ಗುರುವಾರ ಪೇಂಟರ್ ಬರ್ತಾರೆ, ಏನ್ ಮಾಡ್ಲಿ?

ತುಳಸಿಕಟ್ಟೆ (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಾವಿರೋದು ಹಾಸನದಲ್ಲಿ, ಬಾಡಿಗೆ ಮನೆ. ಮುಂಬಾಗಿಲ ಪಕ್ಕ ಕರೆಂಟ್ ಮೀಟರ್ ಕೂರಿಸಿರೋ ಹಳೇ ಮರದ ಹಲಗೆ ಇದೆ, ಅದಕ್ಕೂ ಗೋಡೆಗೂ ಮಧ್ಯ ಎರಡು ಬೆರಳು ಹೋಗೋಷ್ಟು ಸಂದು. ಫೆಬ್ರವರಿ ಕೊನೇಲಿ ಒಂದು ಗಂಡು ಗುಬ್ಬಿ ಬಂದು ಆ ಹಲಗೆ ತುದೀಲಿ ಕೂತ್ಕೊಂಡು ಬೆಳಿಗ್ಗೆಯಿಂದ ಸಂಜೆವರೆಗೂ ಚಿಲ್ಪ್ ಚಿಲ್ಪ್ ಅಂತ ಒಂದೇ ಸಮ ಕೂಗ್ತಿತ್ತು, ಯಾರನ್ನ ಕರೀತಿದೆ ಅಂತ ಗೊತ್ತಾಗ್ಲಿಲ್ಲ, ನಾಲ್ಕೈದು ದಿನ ಆದ್ಮೇಲೆ ಒಂದು ಹೆಣ್ಣು ಬಂತು, ಒಳಗೆ ಹೋಗಿ ನೋಡ್ತು, ಹೊರಗೆ ಬಂತು, ಹೋಯ್ತು, ಮತ್ತೆ ಬಂತು. ಆಮೇಲೆ ಶುರು ನೋಡಿ ಸಾಗಾಟ. ಒಣ ಹುಲ್ಲು, ಪೊರಕೆ ಕಡ್ಡಿ, ಕೋಳಿ ಪುಕ್ಕ, ನಾನು ಹೊಸೆದು ತಟ್ಟೇಲಿ ಇಟ್ಟಿದ್ದ ಹೂಬತ್ತಿ ಕೂಡ ಬಿಡ್ಲಿಲ್ಲ. ನಾಲ್ಕು ಬತ್ತಿ ಎತ್ಕೊಂಡು ಹೋದ್ವು, ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಮಾರನೇ ದಿನ ಬೇಕಂತಲೇ ಇನ್ನೊಂದಷ್ಟು ಹತ್ತಿ ಎಳೆದು ಇಟ್ಟೆ.

ಈಗ ವಿಷಯಕ್ಕೆ ಬರ್ತೀನಿ. ಮೂರು ದಿನದಿಂದ ಒಳಗಿಂದ ಸಣ್ಣಕೆ ಸದ್ದು ಬರ್ತಿದೆ, ಗಂಡ ಹೆಂಡ್ತಿ ಇಬ್ರೂ ಬಾಯಲ್ಲಿ ಹುಳ ಕಚ್ಕೊಂಡು ಬರ್ತಾವೆ, ಮರಿ ಆಗಿದೆ. ಆದ್ರೆ ಓನರ್ ಅಂಕಲ್ ಇಡೀ ಮನೆಗೆ ಹೊರಗಡೆ ಬಣ್ಣ ಹೊಡೆಸ್ತಿದ್ದಾರೆ. ಗುರುವಾರ ಪೇಂಟರ್ ಬರ್ತಾರಂತೆ, ಹಳೇ ಬಣ್ಣ ಕೆರೆದು, ಹಲಗೆ ಕಳಚಿ, ಸಂದು ಎಲ್ಲ ಮುಚ್ಚಿ ಹೊಡೀತಾರಂತೆ. ಗೂಡನ್ನ ಎತ್ತಿ ಬೇರೆ ಕಡೆ ಇಟ್ರೆ ಅಪ್ಪ ಅಮ್ಮ ಅಲ್ಲಿಗೆ ಬರ್ತಾವಾ? ಗೊತ್ತಿರೋರು ದಯವಿಟ್ಟು ಹೇಳಿ. ರಾತ್ರಿ ನಿದ್ದೆ ಬರ್ತಿಲ್ಲ.

ಬೈನಾಕ್ಯುಲರ್

ಎತ್ತಬೇಡಿ ಮೇಡಂ. ಮೊದಲನೆಯದು, ಅದು ಕರೆಂಟ್ ಬೋರ್ಡ್, ಕೈ ಹಾಕೋದೇ ಅಪಾಯ. ಎರಡನೆಯದು, ಗುಬ್ಬಿಗೆ ಜಾಗದ ನೆನಪು ಜಾಸ್ತಿ, ಗೂಡನ್ನ ಹತ್ತಡಿ ಆಚೆ ಇಟ್ರೂ ಅವು ಹಳೇ ಸಂದಿಗೇ ಬಂದು ಹುಡುಕ್ತಾವೆ, ಮರಿ ಈ ಕಡೆ ಹಸಿದು ಸಾಯ್ತಾವೆ.

ದಿನದ ಲೆಕ್ಕ ಹೇಳ್ತೀನಿ, ಓನರ್ ಹತ್ರ ಮಾತಾಡೋಕೆ ಉಪಯೋಗ ಆಗುತ್ತೆ. ಸಾಮಾನ್ಯವಾಗಿ 3ರಿಂದ 5 ಮೊಟ್ಟೆ. ಕಾವು 11ರಿಂದ 14 ದಿನ. ಮರಿ ಒಡೆದು ಹೊರಗೆ ಬಂದ್ಮೇಲೆ ಗೂಡು ಬಿಡೋಕೆ ಹತ್ತಿರ ಹತ್ತಿರ ಎರಡು ವಾರ, ಒಂದೆರಡು ದಿನ ಆಚೀಚೆ. ಮೂರು ದಿನದಿಂದ ಸದ್ದು ಬರ್ತಿದೆ ಅಂದ್ರೆ ನಿಮಗೆ ಬೇಕಾಗಿರೋದು ಇನ್ನು 12-13 ದಿನ ಅಷ್ಟೇ. ಮನೆ ಪೂರ್ತಿ ನಿಲ್ಲಿಸೋದು ಬೇಡ, ಆ ಒಂದು ಗೋಡೇನ ಕೊನೆಗೆ ಇಟ್ಕೊಳ್ಳಿ ಅಂತ ಕೇಳಿ.

ಇನ್ನೊಂದು, ಹುಳ ತರ್ತಿದಾವೆ ಅಂತ ಬರೆದಿದ್ದೀರಲ್ಲ, ಅದು ತುಂಬ ಮುಖ್ಯ. ಗುಬ್ಬಿ ಕಾಳು ತಿನ್ನೋ ಹಕ್ಕಿ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ, ದೊಡ್ಡವು ತಿನ್ನೋದು ಕಾಳೇ, ಆದ್ರೆ ಮೊದಮೊದಲು ಮರಿಗೆ ಹುಳ ಹುಪ್ಪಟೇನೇ ಬೇಕು. ಅಂಗಳದಲ್ಲಿ ಗಿಡಕ್ಕೆ ಏನಾದ್ರೂ ಔಷಧಿ ಹೊಡೀತಿದ್ರೆ ಸದ್ಯಕ್ಕೆ ನಿಲ್ಲಿಸಿ.

ಜ್ವಾಳದ ರೊಟ್ಟಿ

ಅಕ್ಕಾರ, ನಮ್ದು ಗದಗ ಕಡೆ ಹಳ್ಳಿ. ಜಂತಿ ಮನಿ. ಜಂತಿ ಸಂದ್ಯಾಗ ಗುಬ್ಬಿ ಗೂಡು ಕಟ್ಟಿದ್ರ ನಮ್ಮವ್ವ ಯಾರಿಗೂ ಮುಟ್ಟಾಕ ಬಿಡ್ತಿದ್ದಿಲ್ಲ. ಮ್ಯಾಲಿಂದ ಕಸ ಉದುರಿ ಊಟದ ಗಂಗಾಳದಾಗ ಬಿದ್ರೂ ಗಂಗಾಳ ಈ ಕಡೆ ಸರಿಸಿ ಉಣ್ರಿ ಅಂತಿದ್ಲು. ಸುಗ್ಗಿ ಆದ ಮ್ಯಾಲೆ ಛಲೋ ಜ್ವಾಳದ ತೆನಿ ಆರಿಸಿ ಒಂದು ಹಿಡಿ ಕಟ್ಟಿ ಪಡಸಾಲ್ಯಾಗ ತೂಗ ಬಿಡ್ತಿದ್ವಿ, ಗುಬ್ಬಿಗೆ ಅಂತ. ತೆನಿ ತೂಗ್ಯಾಡತಿರತಿತ್ತು, ಗುಬ್ಬಿ ತಲಿಕೆಳಗಾಗಿ ಜೋತು ಬಿದ್ದು ಕಾಳು ಬಿಡಸ್ತಿದ್ವು, ಕೆಳಗ ಬಿದ್ದ ಕಾಳಿಗೆ ಇನ್ನ ನಾಕು ಗುಬ್ಬಿ ಕಾಯ್ತಿದ್ವು.

ಆದ್ರ ಒಂದ ಮಾತು ಹೇಳ್ತೀನಿ. ಅದೇ ನಮ್ಮಪ್ಪ ಹೊಲದಾಗ ಅಟ್ಟಣಿಗಿ ಮ್ಯಾಲೆ ನಿಂತು ಕವಣಿ ಬೀಸಿ ಹಕ್ಕಿ ಓಡಸ್ತಿದ್ದ. ನಾನೂ ಸಾಲಿ ಬಿಟ್ಟು ಹಕ್ಕಿ ಕಾಯಾಕ ಹೋಗೀನಿ. ಹಾಲುಗಾಳ ಇದ್ದಾಗ ಹಿಂಡು ಇಳದ್ರ ಮುಗೀತು, ತೆನಿ ಬೋಳ. ಹೊಲದಾಗ ಹೊಯ್ಯ ಹೊಯ್ಯ ಅಂತ ಓಡಸೋದು, ಮನಿಗೆ ಬಂದು ತೆನಿ ಕಟ್ಟೋದು, ಎರಡೂ ಒಂದ ಕೈಲೆ. ಸಣ್ಣವ ಇದ್ದಾಗ ಅಪ್ಪನ್ನ ಕೇಳಿದ್ದೆ. ಹೊಲದಾಗ ನಮ್ಮ ಪಾಲು ಕಾಯ್ತೀವಿ, ಮನ್ಯಾಗ ಅದರ ಪಾಲು ಕೊಡ್ತೀವಿ ಅಂದಿದ್ದ.

ಮಲ್ಲಿಗೆ ಬಳ್ಳಿ

ಅಪ್ಪನ ಮಾತು ಓದಿ ಮನಸ್ಸು ತುಂಬಿ ಬಂತು ಅಣ್ಣ.

ಕಿರಾಣಿ ಅಂಗಡಿ

ನಾನು ತಿಪಟೂರಲ್ಲಿ ಅಂಗಡಿ ಇಟ್ಕೊಂಡಿದ್ದೀನಿ, ನಮ್ಮ ತಂದೆ ಕಾಲದ್ದು. ಪೇಂಟಿಂಗ್ ಮುಂದಕ್ಕೆ ಹಾಕೋದು ಏನೂ ದೊಡ್ಡ ವಿಷಯ ಅಲ್ಲ ತಾಯಿ, ಧೈರ್ಯವಾಗಿ ಕೇಳಿ. ನಮ್ಮ ಅಂಗಡಿ ರೋಲಿಂಗ್ ಶಟರ್ ಮೇಲೆ ಸುತ್ಕೊಳ್ಳುತ್ತಲ್ಲ ತಗಡಿನ ಡಬ್ಬ, ಅದರೊಳಗೆ ಹೋದ ವರ್ಷ ಗೂಡು ಕಟ್ಟಿದ್ವು. ಹಬ್ಬಕ್ಕೆ ಅಂತ ಎರಡು ದಿನ ಬಾಗಿಲು ಹಾಕಿದ್ದೆ ಅಷ್ಟರಲ್ಲಿ ಅರ್ಧ ಕೆಲಸ ಮುಗಿಸಿಬಿಟ್ಟಿದ್ವು. ಶಟರ್ ಪೂರ್ತಿ ಎತ್ತಿದ್ರೆ ಗೂಡು ಅಪ್ಪಚ್ಚಿ ಆಗುತ್ತೆ. ಹಂಗಾಗಿ ಒಂದು ತಿಂಗಳು ಶಟರ್ ಅರ್ಧಕ್ಕೆ ನಿಲ್ಲಿಸಿ ಕೆಳಗೆ ಕೋಲು ಕೊಟ್ಟಿದ್ದೆ, ಗಿರಾಕಿಗಳೆಲ್ಲ ಬಗ್ಗಿ ಒಳಗೆ ಬರ್ತಿದ್ರು. ಒಬ್ಬರೂ ಬೇಜಾರು ಮಾಡ್ಕೊಳ್ಳಲಿಲ್ಲ. ವಯಸ್ಸಾದ ಒಬ್ಬರು ಅಜ್ಜಿ ಮಾತ್ರ ಬಗ್ಗೋಕಾಗಲ್ಲ ಅಂತ ಹೊರಗೆ ನಿಂತೇ ಚೀಟಿ ಕೊಡ್ತಿದ್ರು, ಕೊಟ್ಟು ಮರಿ ಎಷ್ಟಾದ್ವು ಅಂತ ಕೇಳೋರು.

ಮುಂಚೆ ಅಕ್ಕಿ ರಾಗಿ ಎಲ್ಲ ಮೂಟೆ ಬಾಯಿ ಬಿಚ್ಚಿ ಸಾಲಾಗಿ ಇಡ್ತಿದ್ವಿ. ಗುಬ್ಬಿ ಬಂದು ಮೂಟೆ ಅಂಚಲ್ಲಿ ಕೂತು ತಿನ್ನೋದು, ತಂದೆ ಕೈ ಎತ್ತಿದ ಹಾಗೆ ಮಾಡೋರು ಅಷ್ಟೇ, ಹೊಡೀತಿರಲಿಲ್ಲ. ಈಗ ಎಲ್ಲ ಪ್ಯಾಕೆಟ್. ಮನೆಗಳಲ್ಲೂ ಅಷ್ಟೇ, ಮೊರದಲ್ಲಿ ಅಕ್ಕಿ ಕೇರಿ ನುಚ್ಚು ಅಂಗಳಕ್ಕೆ ಎಸೆಯೋರು ಯಾರಿದ್ದಾರೆ ಹೇಳಿ. ನಾನು ದಿನಾ ಬೆಳಿಗ್ಗೆ ಕಟ್ಟೆ ಮೇಲೆ ಒಂದು ಹಿಡಿ ನುಚ್ಚು ಹಾಕ್ತೀನಿ. ಏಳು ಗಂಟೆಗೆ ಅಂಗಡಿ ತೆಗೀಬೇಕು, ಹತ್ತು ನಿಮಿಷ ಲೇಟಾದ್ರೆ ಎದುರುಗಡೆ ವೈರ್ ಮೇಲೆ ಸಾಲಾಗಿ ಕೂತು ಗಲಾಟೆ.

ಫ್ಲಾಟ್ ನಂ 304

ನೀವೆಲ್ಲ ಪುಣ್ಯವಂತರು. ಬೆಂಗಳೂರಿನ ನಮ್ಮ ಏರಿಯಾದಲ್ಲಿ ಗುಬ್ಬಿ ನೋಡಿ ಹತ್ತು ವರ್ಷ ಆಯ್ತು, ಬರೀ ಪಾರಿವಾಳ. ಮೊಬೈಲ್ ಟವರ್ ಬಂದ್ಮೇಲೆ ಎಲ್ಲ ಸತ್ತೋದ್ವು. ನನ್ನ ಮಗಳು ಕಾಗಕ್ಕ ಗುಬ್ಬಕ್ಕನ ಕಥೆ ಕೇಳ್ತಾಳೆ, ಗುಬ್ಬಕ್ಕ ಹೆಂಗಿರ್ತಾಳೆ ಅಂದ್ರೆ ಫೋನ್‌ನಲ್ಲಿ ಫೋಟೋ ತೋರಿಸ್ಬೇಕು.

ಬೈನಾಕ್ಯುಲರ್

ಸರ್, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಟವರ್ ವಿಷಯ ಹಂಗೆ ಖಚಿತವಾಗಿ ಹೇಳೋಕೆ ಆಧಾರ ಸಿಕ್ಕಿಲ್ಲ. 2020ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ, ಸಾವಿರಾರು ಜನ ಹಕ್ಕಿ ನೋಡೋರು ಬರೆದಿಟ್ಟ ಪಟ್ಟಿಗಳಿಂದ ಮಾಡಿದ್ದು, ಅದರ ಪ್ರಕಾರ ಒಟ್ಟು ದೇಶದಲ್ಲಿ ಗುಬ್ಬಿ ಸಂಖ್ಯೆ 25 ವರ್ಷದಲ್ಲಿ ಹೆಚ್ಚುಕಮ್ಮಿ ಸ್ಥಿರವಾಗೇ ಇದೆ. ಕಮ್ಮಿ ಆಗಿರೋದು ದೊಡ್ಡ ನಗರಗಳಲ್ಲಿ, ಅದರಲ್ಲಿ ಬೆಂಗಳೂರೂ ಇದೆ. ನಂಗೆ ಕಾಣೋ ಹಾಗೆ ಗೂಡಿಗೆ ಸಂದಿಲ್ಲ, ಮರಿಗೆ ಹುಳ ಇಲ್ಲ, ಗಾಜು ಕಾಂಕ್ರೀಟು, ಪೊದೆ ಇಲ್ಲ. ಹೆಂಚಿನ ಮನೇಲಿ ನೂರು ಸಂದಿತ್ತು. ನಿಮ್ಮ ಫ್ಲಾಟ್‌ನಲ್ಲಿ ಒಂದು ತೋರಿಸಿ ನೋಡೋಣ.

ಹಂಗಂತ ಬೆಂಗಳೂರಲ್ಲಿ ಇಲ್ಲವೇ ಇಲ್ಲ ಅಂತ ಅಲ್ಲ. ಒಂದು ಭಾನುವಾರ ಬೆಳಿಗ್ಗೆ ಮಗಳನ್ನ ಯಶವಂತಪುರ ಎಪಿಎಂಸಿ ಯಾರ್ಡ್ ಕಡೆ ಕರ್ಕೊಂಡು ಹೋಗಿ. ಕಾಳಿನ ಮೂಟೆ ಇಳಿಸೋ ಜಾಗ. ನಾನು ಹೋದಾಗೆಲ್ಲ ಕಂಡಿದಾವೆ.

ಮೇಷ್ಟ್ರು

ಕಾಗಕ್ಕ ಗುಬ್ಬಕ್ಕ ಅಂದ ತಕ್ಷಣ ನಾನೂ ಬರೀಬೇಕು ಅನ್ನಿಸ್ತು. ರಿಟೈರ್ಡ್ ಪ್ರೈಮರಿ ಶಾಲೆ ಮೇಷ್ಟ್ರು ನಾನು. ಸಗಣಿ ಮನೆ ಮಳೆಗೆ ಕರಗಿಹೋಗಿ ಕಾಗಕ್ಕ ಬಂದು ಬಾಗಿಲು ತಟ್ಟೋದು, ಗುಬ್ಬಕ್ಕ ಒಳಗಿಂದ ತಾಳು ಮಗೂಗೆ ಸ್ನಾನ ಮಾಡಿಸ್ತಿದ್ದೀನಿ, ತಾಳು ಹಾಲು ಕುಡಿಸ್ತಿದ್ದೀನಿ, ತಾಳು ತೊಟ್ಟಿಲು ತೂಗ್ತಿದ್ದೀನಿ ಅನ್ನೋದು. ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಹೇಳಿದ್ದೀನಿ. ಈಗ ಯೋಚನೆ ಮಾಡಿದ್ರೆ ಆ ಕಥೆ ಕಟ್ಟಿದವರು ಯಾರೋ ಗೊತ್ತಿಲ್ಲ, ಆದ್ರೆ ಗುಬ್ಬೀನ ಚೆನ್ನಾಗಿ ನೋಡಿದ್ದಾರೆ. ಗುಬ್ಬಿ ತಾಯಿಗೆ ಮರಿ ಇದ್ದಾಗ ನಿಜವಾಗ್ಲೂ ಒಂದು ಗಳಿಗೆ ಪುರುಸೊತ್ತಿರಲ್ಲ.

ಮಕ್ಕಳು ಒಂದು ಪೆಪ್ಪರ್‌ಮೆಂಟನ್ನ ಅಂಗಿ ತುದೀಲಿ ಸುತ್ತಿ ಕಚ್ಚಿ ಎರಡು ಮಾಡಿ ಹಂಚ್ಕೊಳ್ತಿದ್ರಲ್ಲ, ಅದಕ್ಕೆ ಗುಬ್ಬಿ ಎಂಜಲು ಅಂತ ಹೆಸರು. ಕೆಲವು ಕಡೆ ಕಾಗೆ ಎಂಜಲು ಅಂತಾರೆ. ಗುಬ್ಬಿ ಎಂಜಲಿಗೆ ಮೈಲಿಗೆ ಇಲ್ಲ. ಯಾರ ಮಗು ಯಾರ ಜೊತೆ ತಿಂದ್ರೂ ನಡೀತಿತ್ತು.

ತುಳಸಿಕಟ್ಟೆ (ಮಂಗಳವಾರ ರಾತ್ರಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓನರ್ ಅಂಕಲ್ ಹತ್ರ ಮಾತಾಡಿದೆ. ಮೊದಲು ಒಪ್ಪಲಿಲ್ಲ, ಪೇಂಟ್ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಯುಗಾದಿ ಒಳಗೆ ಮುಗೀಬೇಕು ಅಂದ್ರು. ಸಿಟ್ಟೇನೂ ಮಾಡ್ಲಿಲ್ಲ, ಆದ್ರೆ ಗುಬ್ಬಿಗೋಸ್ಕರ ಮನೆ ಕೆಲಸ ನಿಲ್ಲಿಸೋದಾ ಅಂತ ಎದ್ದು ಒಳಗೆ ಹೋದ್ರು. ನಾನು ಬೈನಾಕ್ಯುಲರ್ ಸರ್ ಕೊಟ್ಟ ದಿನದ ಲೆಕ್ಕಾನ ಒಂದು ಹಾಳೇಲಿ ಬರೆದು ಆಂಟಿ ಕೈಗೆ ಕೊಟ್ಟು ಬಂದಿದ್ದೀನಿ.

ಕಾಯೋ ಹೊತ್ತಲ್ಲಿ ಇನ್ನೊಂದು ಕೇಳ್ಬೇಕಿತ್ತು. ಹೆಣ್ಣು ಗುಬ್ಬಿ ಇವತ್ತು ಬೇವಿನ ಎಲೆ ತಗೊಂಡು ಒಳಗೆ ಹೋಯ್ತು. ಹಸಿ ಎಲೆ. ಮರಿ ಇರೋವಾಗ ಎಲೆ ಯಾಕೆ? ನಾನು ತಪ್ಪು ನೋಡಿದ್ನಾ?

ಬೈನಾಕ್ಯುಲರ್

ತಪ್ಪಿಲ್ಲ! ಅಪರೂಪದ್ದು ನೋಡಿದ್ದೀರಿ. ಗುಬ್ಬಿ ಗೂಡಲ್ಲಿ ಬೇವಿನ ಎಲೆ ಇಡೋದನ್ನ 1980ರ ಆಸುಪಾಸಲ್ಲಿ ಬಂಗಾಳದ ಕಡೆ ಗಮನಿಸಿ ಬರೆದಿದ್ದಾರೆ, ಉಣ್ಣೆ ಹೇನು ಥರದ ಹುಳ ಮರಿಗಳ ಮೈಗೆ ಹತ್ತದೇ ಇರ್ಲಿ ಅಂತ ಇರ್ಬೇಕು ಅನ್ನೋದು ಅವರ ಊಹೆ. ಮೆಕ್ಸಿಕೋ ಸಿಟಿಯಲ್ಲಿ ಬೇವು ಎಲ್ಲಿ ಸಿಗ್ಬೇಕು, ಅಲ್ಲಿನ ಗುಬ್ಬಿಗಳು ಸೇದಿ ಬಿಸಾಕಿದ ಸಿಗರೇಟ್ ತುಂಡಿನ ಹತ್ತಿ ತಂದು ಗೂಡಲ್ಲಿ ಇಡ್ತಾವೆ, ಅಂಥ ಗೂಡಲ್ಲಿ ಹುಳ ಕಮ್ಮಿ ಅಂತ 2012ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು. ಆ ಹೊಗೆಸೊಪ್ಪಿನ ವಿಷ ಮರಿಗೆ ಒಳ್ಳೇದಲ್ಲ ಅನ್ನೋ ಮಾತೂ ಇದೆ. ನಿಮ್ಮ ಗುಬ್ಬಿಗೆ ಬೇವಿನ ಮರ ಇದೆಯಲ್ಲ, ಅದೃಷ್ಟವಂತೆ.

ಕಡಲ ಬದಿ

ನಮ್ಮ ಉಡುಪಿ ಕಡೆ ಹೊಸ್ತಿನ (ಹೊಸ ಬೆಳೆಯ ಹಬ್ಬ) ದಿನ ಗದ್ದೆಯಿಂದ ತಂದ ತೆನೆಯನ್ನು ಮಾವಿನೆಲೆ, ಹಲಸಿನೆಲೆ ಜೊತೆ ಸೇರಿಸಿ ಬಾಗಿಲಿಗೆ, ತುಳಸಿಗೆ, ತೆಂಗಿನ ಮರಕ್ಕೆಲ್ಲ ಕಟ್ಟುವುದುಂಟು. ಮನೆಯ ಜಗಲಿಯಲ್ಲಿ ಕಟ್ಟಿದ್ದು ವಾರದೊಳಗೆ ಬರೀ ಹುಲ್ಲು ಮಾತ್ರ ಉಳಿಯುವುದು, ಕಾಳೆಲ್ಲ ಗುಬ್ಬಿಯದ್ದೇ. ಅಮ್ಮ ಒಮ್ಮೆಯೂ ಓಡಿಸಿದ್ದಿಲ್ಲ.

ನಂಗೆ ಗುಬ್ಬಿಯಲ್ಲಿ ತುಂಬಾ ಇಷ್ಟ ಅಂದ್ರೆ ಅದು ಮಣ್ಣಲ್ಲಿ ಮೀಯುವುದು ಮಾರಾಯ್ರೆ. ಅಂಗಳದ ಮೂಲೆಯಲ್ಲಿ ಒಣ ಹುಡಿ ಮಣ್ಣಲ್ಲಿ ಬಟ್ಟಲಿನ ಹಾಗೆ ಕುಳಿ ಮಾಡಿ, ಅದರೊಳಗೆ ಕೂತು ರೆಕ್ಕೆ ಬಡಿದು ಮೈಯೆಲ್ಲ ಧೂಳು ಮಾಡಿಕೊಳ್ಳುವುದು, ಒಂದು ಎದ್ದ ಕೂಡ್ಲೇ ಇನ್ನೊಂದು ಅದೇ ಕುಳಿಗೆ ಬರುವುದು, ಅದಕ್ಕೂ ಜಗಳ. ಗುಬ್ಬಿ ಮಣ್ಣಲ್ಲಿ ಮಿಂದರೆ ಮಳೆ ಬರ್ತದೆ ಅಂತ ಅಜ್ಜಿ ಹೇಳುತ್ತಿದ್ದದ್ದು. ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆವು ಮೂರು ವರ್ಷದ ಹಿಂದೆ. ಆಮೇಲೆ ಕಾಣ್ಲಿಕ್ಕಿಲ್ಲ. ಹೋದ ತಿಂಗಳು ನಾಲ್ಕು ಇಂಟರ್‌ಲಾಕ್ ಕಲ್ಲು ಎಬ್ಬಿಸಿ ಅಲ್ಲಿ ಬರೀ ಮಣ್ಣು ಬಿಟ್ಟಿದ್ದೇನೆ. ಎಂಟನೇ ದಿನಕ್ಕೆ ಬಂದವು.

ಫ್ಲಾಟ್ ನಂ 304

ನಾಲ್ಕು ಕಲ್ಲು ಎಬ್ಬಿಸಿದ್ರಿ ಅಂತ ಓದಿ ನಾನು ನಮ್ಮ ಅಸೋಸಿಯೇಷನ್‌ನಲ್ಲಿ ಕಾಂಪೌಂಡ್ ಪಕ್ಕದ ಜಾಗ ಹಂಗೇ ಮಣ್ಣಾಗಿ ಬಿಡಿ ಅಂತ ಕೇಳ್ಬೇಕು ಅಂದ್ಕೊಂಡೆ. ಗೂಡು ಪೆಟ್ಟಿಗೆ ಹಾಕಿದ್ರೆ ಬರ್ತಾವಾ?

ಬೈನಾಕ್ಯುಲರ್

ಹತ್ತಿರದಲ್ಲಿ ಎಲ್ಲಾದ್ರೂ ಗುಬ್ಬಿ ಇದ್ರೆ ಬರ್ತಾವೆ, ದೂರದಿಂದ ಹುಡ್ಕೊಂಡು ಬರಲ್ಲ, ಗುಬ್ಬಿ ಹುಟ್ಟಿದ ಜಾಗ ಬಿಟ್ಟು ಜಾಸ್ತಿ ದೂರ ಹೋಗೋ ಹಕ್ಕಿ ಅಲ್ಲ. ಮರದ ಪೆಟ್ಟಿಗೆ ಆಗ್ಲಿ, ತಗಡಿಂದು ಬೇಡ, ಬೇಸಿಗೇಲಿ ಒಳಗೆ ಮರಿ ಬೆಂದುಹೋಗ್ತಾವೆ. ತೂತು 32 ಮಿಲಿಮೀಟರ್ ಸಾಕು, ಅದಕ್ಕಿಂತ ದೊಡ್ಡದು ಮಾಡಿದ್ರೆ ಮೈನಾ ನುಗ್ಗುತ್ತೆ. ಕೂರೋಕೆ ಕಡ್ಡಿ ಗಿಡ್ಡಿ ಬೇಕಾಗಿಲ್ಲ. ಆಳೆತ್ತರಕ್ಕಿಂತ ಮೇಲೆ, ನೆರಳಲ್ಲಿ, ಬೆಕ್ಕು ಹತ್ತದ ಕಡೆ. ಫ್ಯಾನ್ ಇರೋ ರೂಮಿನ ಕಿಟಕಿ ಹತ್ರ ಮಾತ್ರ ಬೇಡ.

ಮಲ್ಲಿಗೆ ಬಳ್ಳಿ

ಫ್ಯಾನ್ ಅಂದ್ರಿ. ನಮ್ಮ ತವರಲ್ಲಿ ದೇವರ ಫೋಟೋ ಹಿಂದೆ ಗೂಡಿತ್ತು. ಸೆಕೆಗಾಲ ಪೂರ್ತಿ ಆ ರೂಮಲ್ಲಿ ಫ್ಯಾನ್ ಹಾಕ್ತಿರಲಿಲ್ಲ, ಸ್ವಿಚ್ ಮೇಲೆ ಅಪ್ಪ ಪ್ಲಾಸ್ಟರ್ ಅಂಟಿಸಿದ್ರು. ಬಂದ ನೆಂಟರಿಗೆ ಬೀಸಣಿಗೆ. ಒಂದು ಸಲ ಯಾರೋ ಗೊತ್ತಿಲ್ಲದೆ ಹಾಕಿಬಿಟ್ರು. ಆ ಹೆಣ್ಣು ಗುಬ್ಬೀನ ಅಪ್ಪ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದ್ರು, ಆವತ್ತು ರಾತ್ರಿ ಊಟ ಮಾಡ್ಲಿಲ್ಲ. ಗಂಡು ಗುಬ್ಬಿ ಒಂದೇ ಮರಿಗಳನ್ನ ಸಾಕ್ತು, ಎರಡು ಉಳಿದ್ವು. ಮೂವತ್ತು ವರ್ಷ ಆಯ್ತು, ಈಗ್ಲೂ ಆ ರೂಮಿಗೆ ಹೋದ್ರೆ ಸ್ವಿಚ್ ಹಾಕೋ ಮುಂಚೆ ತಲೆ ಎತ್ತಿ ಫೋಟೋ ನೋಡ್ತೀನಿ.

ದೂರದೇಶ

ನಾನು ನ್ಯೂಜೆರ್ಸಿಯಿಂದ ಬರೀತಿದ್ದೀನಿ. ಮೂಲ ಶಿವಮೊಗ್ಗ. ಇಲ್ಲಿ ಬಂದ ಹೊಸದರಲ್ಲಿ, ಡಿಸೆಂಬರ್ ಚಳಿ, ಯಾರ ಪರಿಚಯನೂ ಇಲ್ಲ, ಅಂಗಡಿ ಪಾರ್ಕಿಂಗ್‌ನಲ್ಲಿ ಕಾರಿಂದ ಇಳೀತೀನಿ, ಪೊದೆ ಒಳಗಿಂದ ಚಿಲಿಪಿಲಿ ಚಿಲಿಪಿಲಿ, ನಮ್ಮನೆ ಹಿತ್ತಲ ಸದ್ದು. ನಮ್ಮದೇ ಗುಬ್ಬಿ! ನಿಂತಲ್ಲೇ ನಿಂತುಬಿಟ್ಟೆ. ಆಮೇಲೆ ಓದಿ ತಿಳ್ಕೊಂಡೆ, ಇವು ಇಲ್ಲಿನ ಮೂಲದವಲ್ಲ, 1850ರ ಹೊತ್ತಿಗೆ ಯೂರೋಪಿಂದ ತಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಟ್ಟಿದ್ದು, ಅಲ್ಲಿಂದ ದೇಶ ಪೂರ್ತಿ ಹರಡಿದ್ವು. ಇಲ್ಲಿ ಹಕ್ಕಿ ಪ್ರಿಯರಿಗೆ ಇವನ್ನ ಕಂಡ್ರೆ ಆಗಲ್ಲ, ಬ್ಲೂಬರ್ಡ್ ಅಂತ ಇಲ್ಲಿಯದೇ ಚಂದದ ಹಕ್ಕಿಯ ಗೂಡು ಕಿತ್ಕೊಳ್ತಾವೆ, ಮರಿ ಕೊಲ್ತಾವೆ ಅಂತ. ಅದು ನಿಜಾನೇ, ನಾನೇ ನೋಡಿದ್ದೀನಿ, ಪಕ್ಕದ ಮನೆಯವರು ಬ್ಲೂಬರ್ಡ್ ಪೆಟ್ಟಿಗೆ ಇಟ್ಟಿದ್ದಾರೆ, ನಾನು ಅವರಿಗೆ ಸಹಾಯ ಮಾಡ್ತೀನಿ. ಆದ್ರೂ ಆ ಪಾರ್ಕಿಂಗ್ ಪೊದೆ ಹತ್ರ ಹೋದಾಗ ಒಂದು ನಿಮಿಷ ನಿಲ್ತೀನಿ. ಗುಬ್ಬಿ ತಪ್ಪಲ್ಲ, ಅದನ್ನ ಹೊತ್ಕೊಂಡು ಬಂದವರದ್ದು.

ಮೇಷ್ಟ್ರು

ಉಲ್ಟಾನೂ ಆಗಿದೆ ತಾಯಿ. 1958ರಲ್ಲಿ ಚೀನಾದಲ್ಲಿ ಗುಬ್ಬಿ ಕಾಳು ತಿನ್ನುತ್ತೆ ಅಂತ ಸರ್ಕಾರವೇ ಅದನ್ನ ನಾಲ್ಕು ಪಿಡುಗುಗಳಲ್ಲಿ ಒಂದು ಅಂತ ಸೇರಿಸಿ, ಊರವರೆಲ್ಲ ತಟ್ಟೆ ತಮಟೆ ಬಡಿದು, ಕೂರೋಕೆ ಬಿಡದೆ, ಹಾರಿ ಹಾರಿ ಸುಸ್ತಾಗಿ ಬಿದ್ದು ಸಾಯೋ ಹಾಗೆ ಮಾಡಿದ್ರು. ಅಲ್ಲಿಯದು ನಮ್ಮ ಮನೆ ಗುಬ್ಬಿ ಅಲ್ಲ, ಅದರ ದಾಯಾದಿ, ಕೆನ್ನೆ ಮೇಲೆ ಕಪ್ಪು ಚುಕ್ಕೆ ಇರೋದು. ಗುಬ್ಬಿ ಹೋದ್ಮೇಲೆ ಬೆಳೆಗೆ ಹುಳ, ಮಿಡತೆ ಕಾಟ ಹೆಚ್ಚಾಯ್ತು. ಆ ಕಾಲದ ಬರಗಾಲಕ್ಕೆ ಬೇರೆ ಕಾರಣಗಳೇ ದೊಡ್ಡವು, ಇದೂ ಸೇರ್ಕೊಳ್ತು. 1960ರಲ್ಲಿ ಗುಬ್ಬಿ ಹೆಸರು ತೆಗೆದು ತಿಗಣೆ ಹೆಸರು ಹಾಕಿದ್ರು. ಜ್ವಾಳದ ರೊಟ್ಟಿಯವರ ತಂದೆ ಹೇಳಿದ ಪಾಲಿನ ಮಾತು ಓದಿದಾಗ ನಂಗೆ ಇದೇ ನೆನಪಾಗಿತ್ತು.

ತುಳಸಿಕಟ್ಟೆ (ಗುರುವಾರ ಸಂಜೆ)

ಪೇಂಟರ್ ಬಂದ್ರು! ನಾನು ಬೆಳಿಗ್ಗೆ ಆರು ಗಂಟೆಯಿಂದ ಬಾಗಿಲಲ್ಲೇ ನಿಂತಿದ್ದೆ. ಮೇಸ್ತ್ರಿ ಏಣಿ ತಂದು ಒರಗಿಸಿ, ಹಲಗೆ ಹತ್ರ ಕಿವಿ ಕೊಟ್ಟು ಕೇಳಿ, ಇದರೊಳಗೆ ಮರಿ ಇದೆ ಕಣಮ್ಮ ಅಂದ್ರು. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ನಾನು ಕೆಲಸ ಕಲಿತ ಮೇಸ್ತ್ರಿ ಮರಿ ಇರೋ ಗೂಡು ಮುಚ್ಚಿಸ್ತಿರಲಿಲ್ಲ, ನಾನೂ ಮುಚ್ಚಲ್ಲ, ಓನರ್‌ಗೆ ನಾನೇ ಹೇಳ್ತೀನಿ ಅಂದ್ರು. ಹಲಗೆ ಸುತ್ತ ಒಂದು ಮಾರು ಜಾಗ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಹುಡುಗರಿಗೆ ಈ ಗೆರೆ ಒಳಗೆ ಕೆರೆಯೋದೂ ಬೇಡ ಉಜ್ಜೋದೂ ಬೇಡ ಅಂತ ಹೇಳಿದ್ರು. ಓನರ್ ಅಂಕಲ್ ಬಂದು ನೋಡಿದ್ರು, ಹೂಂ ಅಂದ್ರು, ಹೋದ್ರು. ಆಂಟಿ ಆ ಹಾಳೇನ ಫ್ರಿಡ್ಜ್ ಮೇಲೆ ಅಂಟಿಸಿದ್ದಾರಂತೆ.

ಕಿರಾಣಿ ಅಂಗಡಿ

ಆ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸಿ ತಾಯಿ.

ಜ್ವಾಳದ ರೊಟ್ಟಿ

ಕಣ್ಣಾಗ ನೀರ ಬಂತ್ರಿ ಅಕ್ಕಾರ. ಮರಿ ಹೊರಗ ಬರೂ ದಿನ ಬೆಕ್ಕು ನೋಡ್ಕೋರಿ. ಕೆಳಗ ಬಿದ್ರ ಕೈಲೆ ಎತ್ತಿ ಗ್ವಾಡಿ ಮ್ಯಾಲೋ ಗಿಡದಾಗೋ ಇಡ್ರಿ, ಮನಷ್ಯಾರು ಮುಟ್ಟಿದ್ರ ತಾಯಿ ಬಿಡತೈತಿ ಅನ್ನೂದು ಸುಳ್ಳು, ನಾನು ಎಷ್ಟೋ ಸರ್ತಿ ಇಟ್ಟೀನಿ, ತಾಯಿ ಬಂದು ಗುಟುಕು ಕೊಟ್ಟಾವು.

ಫ್ಲಾಟ್ ನಂ 304 (ಭಾನುವಾರ)

ಎಪಿಎಂಸಿ ಯಾರ್ಡ್‌ಗೆ ಹೋಗಿದ್ವಿ. ಮಗಳು ಲಾರಿ ಪಕ್ಕ ಕೂತು ಎಣಿಸಿದಳು, ಇಪ್ಪತ್ತಮೂರು. ಗಂಡಿಗೆ ಗಂಟಲ ಹತ್ರ ಕಪ್ಪು ಇದೆ, ಹೆಣ್ಣಿಗಿಲ್ಲ ಅಂತ ಅವಳೇ ಕಂಡುಹಿಡಿದಳು, ನಾನು ಹೇಳಿರಲಿಲ್ಲ. ಗುಬ್ಬಕ್ಕ ನಡೆಯಲ್ಲ ಅಪ್ಪ, ಎರಡೂ ಕಾಲಲ್ಲಿ ಕುಪ್ಪಳಿಸ್ತಾಳೆ ಅಂದಳು. ನಲವತ್ತು ವರ್ಷದಲ್ಲಿ ನಾನು ಅದನ್ನ ಗಮನಿಸಿರಲಿಲ್ಲ.

ತುಳಸಿಕಟ್ಟೆ (ಮುಂದಿನ ವಾರ, ಶನಿವಾರ)

ಇವತ್ತು ಬೆಳಿಗ್ಗೆ ಏಳೂಕಾಲಿಗೆ ಮೊದಲನೇದು ಬಂತು. ಸಂದಿಯಿಂದ ತಲೆ ಹಾಕಿ ಅರ್ಧ ಗಂಟೆ ನೋಡ್ತು, ಬಾಯಿ ಅಂಚೆಲ್ಲ ಇನ್ನೂ ಹಳದಿ. ಅಮ್ಮ ಎದುರು ಕಾಂಪೌಂಡ್ ಮೇಲೆ ಹುಳ ಕಚ್ಕೊಂಡು ಕೂತಿತ್ತು, ಹತ್ರ ತಂದು ಕೊಡ್ತಾನೇ ಇಲ್ಲ, ಅಲ್ಲಿಂದಲೇ ಕರೀತಿತ್ತು. ಕೊನೆಗೆ ಹಾರ್ತು, ನೆಟ್ಟಗೆ ಹೋಗಿ ನನ್ನ ತುಳಸಿ ಗಿಡದಲ್ಲಿ ಸಿಕ್ಕಿಹಾಕ್ಕೊಳ್ತು. ಮಧ್ಯಾಹ್ನದೊಳಗೆ ಒಟ್ಟು ಮೂರು. ಬೆಕ್ಕು ಬರದ ಹಾಗೆ ಆಂಟಿ ಕೋಲು ಹಿಡ್ಕೊಂಡು ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ರು.

ಮಲ್ಲಿಗೆ ಬಳ್ಳಿ

ಮೂರೂ ಕ್ಷೇಮವಾಗಿರ್ಲಿ. ಗೋಡೆಗೆ ಯಾವಾಗ ಬಣ್ಣ?

ತುಳಸಿಕಟ್ಟೆ (ಐದು ದಿನ ಬಿಟ್ಟು)

ಮೇಸ್ತ್ರಿ ನಿನ್ನೆ ಬರ್ತೀನಿ ಅಂದಿದ್ರು. ಮೊನ್ನೆ ಸಂಜೆ ನೋಡ್ತೀನಿ, ಗಂಡು ಗುಬ್ಬಿ ಬಾಯಿ ತುಂಬ ಹೊಸ ಹುಲ್ಲು ಕಚ್ಕೊಂಡು ಅದೇ ಸಂದಿಗೆ ಹೋಗ್ತಿದೆ. ಓನರ್ ಅಂಕಲ್‌ಗೆ ಕರೆದು ತೋರಿಸಿದೆ. ಹಾಗಾದ್ರೆ ಇನ್ನೊಂದು ತಿಂಗಳು ಅನ್ನು ಅಂದ್ರು. ಉಳಿದ ಪೇಂಟ್ ಡಬ್ಬ ಮುಚ್ಚಳ ಗಟ್ಟಿಯಾಗಿ ಹಾಕಿ ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಮನೆಯೆಲ್ಲ ಕೆನೆ ಬಣ್ಣ, ಬಾಗಿಲ ಪಕ್ಕ ಮಾತ್ರ ಒಂದು ಮಾರು ಹಳೇ ಹಸಿರು ಹಾಗೇ ಇದೆ. ನಾನು ಇವತ್ತು ಮತ್ತೆ ಹತ್ತಿ ಎಳೆದು ತಟ್ಟೇಲಿ ಇಟ್ಟೆ.